ಕೇಳಿದ್ದು ಒಂದು ಮನೆ, ಸಿಕ್ಕಿದ್ದು ಇಡೀ ಬೀದಿ

ಟೇಬಲ್‌ನಲ್ಲಿ ಒಂದು ಸೆಲ್ ಮೇಲೆ ಕ್ಲಿಕ್ ಮಾಡುತ್ತೀರಿ, ಇಡೀ ಸಾಲೇ ನೀಲಿಯಾಗುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಇದು ಹಳೇ ಗೋಳು.

1979ರ ವಿಸಿಕ್ಯಾಲ್ಕ್‌ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅದು ಲೆಕ್ಕದ ಹಾಳೆ, ಕರ್ಸರ್ ಕೂರುತ್ತಿದ್ದದ್ದೇ ಒಂದು ಸೆಲ್ ಮೇಲೆ. ಆದರೆ ಆಮೇಲೆ ಬಂದ ಟೇಬಲ್ ವಿಜೆಟ್‌ಗಳಲ್ಲಿ (ಪರದೆಯ ಮೇಲೆ ಟೇಬಲ್ ತೋರಿಸುವ ಸಿದ್ಧ ಭಾಗಗಳಲ್ಲಿ) ಹಲವು ಪಟ್ಟಿಯ ಮನೆತನದವು. ಫೈಲ್‌ಗಳ ಪಟ್ಟಿಯನ್ನೇ ನೋಡಿ: ಹೆಸರು, ಸೈಜ್, ತಾರೀಕು. ಒಂದು ಸಾಲು ಅಂದರೆ ಒಂದು ಫೈಲ್. ಬರೀ ಸೈಜನ್ನು ಆರಿಸಿಕೊಂಡು ಏನು ಮಾಡುವುದು, ಅಲ್ವಾ?

1998ರ ಕೊನೆಗೆ ಜಾವಾ ಭಾಷೆಯ 1.2 ಆವೃತ್ತಿ ಜೊತೆ ಬಂದ, ಪರದೆ ಕಟ್ಟುವ ಸ್ವಿಂಗ್ ಲೈಬ್ರರಿಯ ಟೇಬಲ್ ವಿಜೆಟ್ ಆದ ಜೆಟೇಬಲ್‌ನಲ್ಲಿ ಈ ಮನೆತನದ ಗುಣ ಚೆನ್ನಾಗಿ ಕಾಣುತ್ತದೆ. ಸೆಲ್ ಆಯ್ಕೆಗೆ ಅದರಲ್ಲಿ ದಾರಿಯೇನೋ ಇದೆ. ಆದರೆ ಒಳಗೆ ಸೆಲ್‌ಗಳ ಲೆಕ್ಕ ಇಲ್ಲ. ಆಯ್ದ ಸಾಲುಗಳದ್ದು ಒಂದು ಪಟ್ಟಿ, ಆಯ್ದ ಕಾಲಂಗಳದ್ದು ಇನ್ನೊಂದು. ಎರಡೂ ಕೂಡುವ ಕಡೆ ಇರುವ ಸೆಲ್ ಆಯ್ಕೆಯಾದಂತೆ. ಒಂದೇ ಸೆಲ್ ಸಾಕು ಅಂದರೆ ತೊಂದರೆಯಿಲ್ಲ. ಕಂಟ್ರೋಲ್ ಕೀ ಒತ್ತಿ 1ನೇ ಸಾಲಿನ 1ನೇ ಸೆಲ್, 3ನೇ ಸಾಲಿನ 3ನೇ ಸೆಲ್ ಆರಿಸಿ ನೋಡಿ. ಕರೆಯದೇ ಬಂದ ನೆಂಟರ ಹಾಗೆ ಇನ್ನೆರಡು ಮೂಲೆಗಳೂ ಬಣ್ಣ ಬಳಿದುಕೊಂಡು ಕೂರುತ್ತವೆ.

ಲಿಸನರ್ (ಆಯ್ಕೆ ಬದಲಾದಾಗ ಸುದ್ದಿ ಕೇಳಿಸಿಕೊಳ್ಳುವ ಕೋಡ್) ಹಾಕುವಾಗ ಇನ್ನೊಂದು ಎಡವಟ್ಟು. ಸಾಲಿನ ಪಟ್ಟಿಗೆ ಮಾತ್ರ ಲಿಸನರ್ ಹಾಕಿದಿರಿ ಅನ್ನಿ. ಅದೇ ಸಾಲಿನ ಪಕ್ಕದ ಸೆಲ್‌ಗೆ ಹೋದರೆ ಸುದ್ದಿಯೇ ಬರುವುದಿಲ್ಲ, ಸಾಲು ಬದಲಾಗಿಲ್ಲವಲ್ಲ! ಕಾಲಂಗೂ ಒಂದು ಹಾಕಿದರೆ, ಓರೆಯಾಗಿ ಸರಿದಾಗ ಒಂದೇ ಸುದ್ದಿ ಎರಡೆರಡು ಸಲ ಬರುತ್ತದೆ. ಮೊದಲ ಸುದ್ದಿ ಬರುವ ಹೊತ್ತಿಗೆ ಸಾಲು, ಕಾಲಂ ಎರಡರಲ್ಲಿ ಒಂದರ ಅಂಕಿ ಹೊಸದು, ಇನ್ನೊಂದರದ್ದು ಹಳೆಯದು. ಆಗಲೇ ಸೆಲ್ ಓದಿದರೆ ಯಾರೂ ಮುಟ್ಟದ ಸೆಲ್‌ನ ಬೆಲೆ ಕೈಗೆ ಬರುತ್ತದೆ. ಬಳಕೆದಾರ ಕಾಲಂ ಎಳೆದು ಜಾಗ ಬದಲಿಸಿದ್ದರಂತೂ ಪರದೆಯಲ್ಲಿ ಕಾಲಂನ ಅಂಕಿಯೇ ಬೇರೆ, ಮಾಡೆಲ್‌ನಲ್ಲಿ, ಅಂದರೆ ಒಳಗಿನ ಡೇಟಾದಲ್ಲಿ, ಅದರ ಅಂಕಿಯೇ ಬೇರೆ.

ಎಕ್ಲಿಪ್ಸ್‌ ಬಳಗದ ಎಸ್‌ಡಬ್ಲ್ಯುಟಿ ಎಂಬ ಇನ್ನೊಂದು ಜಾವಾ ವಿಜೆಟ್ ಲೈಬ್ರರಿ ಇದನ್ನು ಬೇರೆ ಥರ ನಿಭಾಯಿಸಿತು. ಟೇಬಲ್ ಆರಿಸುವುದು ಸಾಲನ್ನೇ, ಅದರ ಮೇಲೆ ಸೆಲ್ ಅಳತೆಯ ಟೇಬಲ್‌ಕರ್ಸರ್ ಎಂಬ ಪುಟ್ಟ ವಿಜೆಟ್ ಕೂರಿಸಿದರು. ನನಗೆ ಇದು ತೇಪೆ ಅನ್ನಿಸುತ್ತದೆ, ಆದರೆ ಕೆಲಸ ನಡೆಯುತ್ತದೆ.

ನಿಜವಾದ ಬದಲಾವಣೆ ಕಂಡಿದ್ದು 2005ರ ಕ್ಯೂಟಿ 4 ಎಂಬ ಸಿ++ ಲೈಬ್ರರಿಯಲ್ಲಿ. ಅದು ಆಯ್ಕೆಯನ್ನು ಆಯತಗಳ ಗುಂಪಾಗಿ ನೆನಪಿಡುತ್ತದೆ, ಹಾಗಾಗಿ ಚದುರಿದ ಸೆಲ್‌ಗಳೂ ಸರಿಯಾಗಿ ಉಳಿಯುತ್ತವೆ. ಕರ್ಸರ್ ಇರುವ ಸೆಲ್‌ಗೂ ಆಯ್ದ ಸೆಲ್‌ಗೂ ಬೇರೆ ಬೇರೆ ಲೆಕ್ಕ. ಅದೇ ವರ್ಷ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 2.0ರಲ್ಲಿ ಬಂದ ಡೇಟಾಗ್ರಿಡ್‌ವ್ಯೂ ಎಂಬ ಟೇಬಲ್ ವಿಜೆಟ್ ಕೂಡ ಈಗಿನ ಸೆಲ್ ಯಾವುದು ಅಂತ ನೇರವಾಗಿ ಹೇಳುತ್ತದೆ. ಇಷ್ಟಾದರೂ ಸ್ವಿಂಗ್‌ನ ನಂತರ ಬಂದ ಜಾವಾಎಫ್‌ಎಕ್ಸ್ ಲೈಬ್ರರಿಯ 2011ರ ಟೇಬಲ್ ಸುಮ್ನೆ ಬಿಟ್ಟರೆ ಆರಿಸುವುದು ಇಡೀ ಸಾಲನ್ನೇ.