ಅಧ್ಯಕ್ಷರ ಹಾಸಿಗೆಯ ಕೆಳಗಿನ ಸ್ಪ್ರಿಂಗು

ಜುಲೈ 2 ಬಂತೆಂದರೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ಹಿಡಿದು ವಿಜಯನಗರದ ಕೋಚಿಂಗ್ ಸೆಂಟರುಗಳ ನೋಟ್ಸಿನವರೆಗೆ ‘ಈ ದಿನದ ಇತಿಹಾಸ’ದಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಗುಂಡೇಟಿಗೆ ಬಲಿ, ಕೊಂದವನು ಚಾರ್ಲ್ಸ್ ಗಿಟೋ. ಗುಂಡು ಹಾರಿದ್ದು ಅಂದೇ, ನಿಜ. ಗಾರ್‌ಫೀಲ್ಡ್ ಸತ್ತದ್ದು ಸೆಪ್ಟೆಂಬರ್ 19ಕ್ಕೆ. ನಡುವಿನ 79 ದಿನಗಳಲ್ಲಿ ಏನಾಯಿತು ಎಂಬುದನ್ನು ರಸಪ್ರಶ್ನೆಯವರು ಕೇಳುವುದೇ ಇಲ್ಲ. ವಿಜ್ಞಾನವೆಲ್ಲ ಇರುವುದು ಅಲ್ಲಿ.

ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗಿಟೋ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿನ ಬಲಗಡೆ ಹೊಕ್ಕು, ಸೊಂಟದ ಮೊದಲ ಕಶೇರುಕವನ್ನು ತೂರಿ, ಬೆನ್ನುಹುರಿಗೆ ತಾಗದೆ, ಎಡಗಡೆ ಮೇದೋಜೀರಕ ಗ್ರಂಥಿಯ ಹಿಂದೆ ಹೋಗಿ ಕೂತಿತು. ವೈದ್ಯರು ನಿಲ್ದಾಣದಲ್ಲೇ ಕೈ ತೊಳೆಯದೆ ಗಾಯದೊಳಗೆ ಬೆರಳು ಹಾಕಿ ಗುಂಡು ಹುಡುಕಿದರು. ಆಮೇಲೆ ಲೋಹದ ಕಡ್ಡಿ, ಮತ್ತೆ ಬೆರಳು, ವಾರಗಟ್ಟಲೆ ಅದೇ ಕೆಲಸ. ಕಾರ್ಬಾಲಿಕ್ ಆಮ್ಲದಿಂದ ಕೈ, ಉಪಕರಣ, ಗಾಯಗಳನ್ನು ಶುದ್ಧ ಮಾಡಿದರೆ ಕೀವು ಕಟ್ಟುವುದಿಲ್ಲ ಎಂದು ಬ್ರಿಟನ್ನಿನ ಜೋಸೆಫ್ ಲಿಸ್ಟರ್ 1867ರಲ್ಲೇ ಪ್ರಕಟಿಸಿದ್ದರು. 1876ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಮೆರಿಕದ ವೈದ್ಯರಿಗೆ ಖುದ್ದು ವಿವರಿಸಿಯೂ ಇದ್ದರು. ಕಣ್ಣಿಗೆ ಕಾಣದ ಜೀವಿ ಮನುಷ್ಯನನ್ನು ಕೊಲ್ಲುತ್ತದೆಂದರೆ ಅಲ್ಲಿನ ಹಿರಿಯರು ಒಪ್ಪಲಿಲ್ಲ. ಅಧ್ಯಕ್ಷರ ಮುಖ್ಯ ವೈದ್ಯ ಬ್ಲಿಸ್ ಕೂಡ ಅದೇ ಜಾತಿಯ ಹಿರಿಯ. (ಆತನ ಮೊದಲ ಹೆಸರೇ ‘ಡಾಕ್ಟರ್’, ಅಪ್ಪ ಅಮ್ಮ ಇಟ್ಟದ್ದು.)

ಎಕ್ಸ್‌ರೇ ಪತ್ತೆಯಾಗುವುದಕ್ಕೆ ಇನ್ನೂ 14 ವರ್ಷವಿತ್ತು. ಹಾಗಾದರೆ ದೇಹ ಕೊಯ್ಯದೆ ಗುಂಡು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಹಿಡಿದು ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಅವರ ಯಂತ್ರ ಒಂದು ತಕ್ಕಡಿ, ತೂಗುವುದು ಕಾಂತಕ್ಷೇತ್ರವನ್ನು. ಎರಡು ಚಪ್ಪಟೆ ತಂತಿ ಸುರುಳಿಗಳು. ಒಂದಕ್ಕೆ ಬ್ಯಾಟರಿ; ನಡುವೆ ವಿದ್ಯುತ್ತನ್ನು ಪಟಪಟನೆ ಕಡಿದು ಜೋಡಿಸುವ ಸಾಧನ. ಇನ್ನೊಂದಕ್ಕೆ ಟೆಲಿಫೋನಿನ ಕೇಳುಗೊಳವೆ. ಮೊದಲ ಸುರುಳಿಯ ಕ್ಷೇತ್ರ ಏರಿಳಿದಾಗ ಎರಡನೆಯದರಲ್ಲಿ ವಿದ್ಯುತ್ತು ಹುಟ್ಟಿ ಸದ್ದು ಕೇಳಬೇಕು. ಆದರೆ ಒಂದರ ಮೇಲೊಂದನ್ನು ಅರೆಬರೆ ಸರಿಸುತ್ತ ಹೋದರೆ, ಎರಡನೇ ಸುರುಳಿಯ ಒಂದು ಭಾಗದಲ್ಲಿ ಕ್ಷೇತ್ರ ಮೇಲ್ಮುಖವಾಗಿ, ಉಳಿದ ಭಾಗದಲ್ಲಿ ಕೆಳಮುಖವಾಗಿ ಹಾದು, ಒಂದು ಜಾಗದಲ್ಲಿ ಎರಡೂ ಸರಿಸಮ ಕಳೆದುಹೋಗುತ್ತವೆ. ಸದ್ದು ನಿಲ್ಲುತ್ತದೆ. ಈಗ ಹತ್ತಿರ ಲೋಹ ತಂದರೆ ಅದರಲ್ಲಿ ನೀರಿನ ಸುಳಿಯಂತೆ ಸುತ್ತುವ ‘ಸುಳಿವಿದ್ಯುತ್ತು’ ಹುಟ್ಟುತ್ತದೆ, ಅದಕ್ಕೊಂದು ಪ್ರತಿಕ್ಷೇತ್ರ ಹುಟ್ಟುತ್ತದೆ, ಸಮತೋಲ ಕೆಡುತ್ತದೆ, ಕಿವಿಯಲ್ಲಿ ಝುಂಯ್ ಎನ್ನುತ್ತದೆ.

ಇದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಂತರ್ಯುದ್ಧದಲ್ಲಿ ಗುಂಡೇಟು ತಿಂದು ಗುಂಡನ್ನು ಮೈಯಲ್ಲೇ ಉಳಿಸಿಕೊಂಡಿದ್ದ ಹಳೆಯ ಸೈನಿಕರ ಮೇಲೆ ಬೆಲ್ ಪರೀಕ್ಷಿಸಿ ನೋಡಿದ್ದರು. ತೊಂದರೆಗಳು ಎರಡು. ಒಂದು, ಗುಂಡು ಸೀಸದ್ದು; ಸೀಸದ ವಿದ್ಯುತ್ ವಾಹಕತೆ ತಾಮ್ರದ ಸುಮಾರು 12ರಲ್ಲಿ ಒಂದು ಪಾಲು, ಸುಳಿವಿದ್ಯುತ್ತು ಕ್ಷೀಣ. ಎರಡನೆಯದು ಆಳ. ಸುರುಳಿಯಿಂದ ಸ್ವಲ್ಪ ದೂರ ಹೋದಮೇಲೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಗುಂಡಿನ ಪ್ರತಿಕ್ಷೇತ್ರ ವಾಪಸು ಬರುವಾಗಲೂ ಅಷ್ಟೇ. ಆಳ ಎರಡು ಪಟ್ಟಾದರೆ ಹೋಗುವಾಗ 8 ಪಾಲು, ಬರುವಾಗ 8 ಪಾಲು, ಒಟ್ಟು 64 ಪಾಲು ನಷ್ಟ. ಬೆರಳಗಲದಲ್ಲಿ ಜೋರಾಗಿ ಕೇಳಿದ ಸದ್ದು ನಾಲ್ಕು ಬೆರಳಿನ ಆಳಕ್ಕೆ ಹೋದರೆ ಸತ್ತೇ ಹೋಗಿರುತ್ತದೆ.

ಜುಲೈ 26ರ ಮೊದಲ ಯತ್ನ ತಂತಿ ಜೋಡಣೆಯ ತಪ್ಪಿನಿಂದ ಕೆಟ್ಟಿತು. ಆಗಸ್ಟ್ 1ಕ್ಕೆ ಮತ್ತೆ ಹಿಡಿದರೆ ಒಂದು ಕಡೆ ಅಲ್ಲ, ಅಗಲವಾದ ಜಾಗದಲ್ಲೆಲ್ಲ ಮಂದವಾಗಿ ಸದ್ದು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಕುದುರೆಕೂದಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇತ್ತು. ಅಂಗುಲಕ್ಕೂ ಕಡಿಮೆ ಇರುವ ಸೀಸದ ತುಣುಕಿನ ಮುಂದೆ ಮೈಯಗಲದ ಉಕ್ಕು. ಉಕ್ಕಿನಲ್ಲಿ ಸುಳಿವಿದ್ಯುತ್ತಷ್ಟೇ ಅಲ್ಲ, ಕಾಂತೀಯ ಗುಣವೂ ಸೇರಿಕೊಂಡು ತಕ್ಕಡಿಯನ್ನು ಪೂರ್ತಿ ವಾಲಿಸುತ್ತದೆ. ಇಷ್ಟು ಸಾಲದೆಂಬಂತೆ, ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದಿದ್ದ ಬ್ಲಿಸ್ ಎಡಗಡೆ ಹುಡುಕಲು ಬೆಲ್‌ಗೆ ಬಿಡಲೇ ಇಲ್ಲ. ಸ್ಪ್ರಿಂಗು ಇಲ್ಲದಿದ್ದರೂ ಸಿಗುತ್ತಿರಲಿಲ್ಲ ಬಿಡಿ.

ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಲೋಹ ಪತ್ತೆಗೆ ಇಟ್ಟ ಬಾಗಿಲ ಚೌಕಟ್ಟು ಇದೇ ತತ್ವದ ಮೊಮ್ಮಗ. ಈಗಿನದರಲ್ಲಿ ಸುರುಳಿಗಳು ಮೇಲಿಂದ ಕೆಳಗೆ ಹಲವು ವಲಯಗಳಾಗಿರುತ್ತವೆ, ಹಾಗಾಗಿ ಸದ್ದು ಬೆಲ್ಟಿನದೋ ಬೂಟಿನದೋ ಎಂದು ದೀಪ ತೋರಿಸುತ್ತದೆ. ಪಕ್ಕದಲ್ಲಿ ಯಾರಾದರೂ ಕಬ್ಬಿಣದ ಬ್ಯಾರಿಕೇಡ್ ಎಳೆದರೆ ಖಾಲಿ ಚೌಕಟ್ಟೂ ಕೂಗಬಹುದು. ಅದು ಗಾರ್‌ಫೀಲ್ಡ್ ಹಾಸಿಗೆಯದೇ ಕಾಯಿಲೆ. ಕೈಯಂತ್ರವನ್ನು ಮೈಗೆ ಎರಡು ಮೂರು ಅಂಗುಲದಲ್ಲೇ ಆಡಿಸಬೇಕಾದದ್ದು ಆ 64ರ ಲೆಕ್ಕದಿಂದ. ಅರ್ಧ ಅಡಿ ದೂರದಲ್ಲಿ ಬೀಸಿ ಕಳಿಸುವ ತಪಾಸಣೆ ಬರೀ ಶಾಸ್ತ್ರಕ್ಕೆ. ಕೋಣನಕುಂಟೆ ಕ್ರಾಸ್ ನಿಲ್ದಾಣದಲ್ಲಿ ಈ ಚೌಕಟ್ಟನ್ನು ದಾಟುವ ಎಷ್ಟೋ ಜನರಿಗೆ, ರಾಜೀವ್ ಗಾಂಧಿ ಹತ್ಯೆಯ ಶಿವರಾಸನ್ ತಂಡ 1991ರ ಆಗಸ್ಟಿನಲ್ಲಿ ಸಿಕ್ಕಿಬಿದ್ದು ಸತ್ತದ್ದು ಅದೇ ಕೋಣನಕುಂಟೆಯಲ್ಲಿ ಎಂಬುದು ತಿಳಿದಿರಲಿಕ್ಕಿಲ್ಲ. ರಾಜೀವ್‌ರನ್ನು ಕೊಂದ ಸೊಂಟಪಟ್ಟಿ ಬಾಂಬಿನಲ್ಲೂ ಉಕ್ಕಿನ ಗುಂಡುಗಳಿದ್ದವು.

ಗಾರ್‌ಫೀಲ್ಡ್ ತೂಕ ಸುಮಾರು 95 ಕಿಲೋದಿಂದ 59ಕ್ಕೆ ಇಳಿಯಿತು. ಟ್ರೆಪೀಜಿಯಂ ಬಳಸಿ ಪೈಥಾಗರಸ್ ಪ್ರಮೇಯಕ್ಕೆ ಹೊಸ ರುಜುವಾತು ಕೊಟ್ಟಿದ್ದ ಮನುಷ್ಯ ಆತ. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಎಡಗಡೆ ಸಿಕ್ಕಿತು, ಸುತ್ತ ಪೊರೆ ಕಟ್ಟಿಕೊಂಡು ತೆಪ್ಪಗಿತ್ತು. ಬಲಗಡೆ ಕೆಲವೇ ಅಂಗುಲವಿದ್ದ ಗಾಯ ತೊಡೆಸಂದಿನತ್ತ ಸುಮಾರು 20 ಅಂಗುಲದ ಕೀವಿನ ಕಾಲುವೆಯಾಗಿತ್ತು. ಕೊನೆಯ ಪೆಟ್ಟು ಕೊಟ್ಟದ್ದು ಗುಲ್ಮದ ರಕ್ತನಾಳ ಒಡೆದದ್ದು. ಆದರೆ ಅಷ್ಟರಲ್ಲಾಗಲೇ ನಂಜು ದೇಹವನ್ನು ತಿಂದು ಮುಗಿಸಿತ್ತು ಎಂಬುದು ಇಂದಿನ ಹೆಚ್ಚಿನ ವೈದ್ಯರ ಅಭಿಪ್ರಾಯ. ತಾನು ಗುಂಡು ಹಾರಿಸಿದ್ದಷ್ಟೇ, ಕೊಂದವರು ವೈದ್ಯರು ಎಂದು ಗಿಟೋ ಕೋರ್ಟಿನಲ್ಲಿ ವಾದಿಸಿದ. ವೈದ್ಯಕೀಯವಾಗಿ ಅರ್ಧ ಸರಿ, ನೇಣು ತಪ್ಪಲಿಲ್ಲ.

ಇದೆಲ್ಲ ಬಿಟ್ಟು ಜನಕ್ಕೆ ಬೇಕಾದದ್ದು ‘20 ವರ್ಷದ ಶಾಪ’. 1840ರಿಂದ 1960ರವರೆಗೆ ಸೊನ್ನೆಯಲ್ಲಿ ಮುಗಿಯುವ ವರ್ಷಗಳಲ್ಲಿ ಗೆದ್ದ ಏಳೂ ಅಧ್ಯಕ್ಷರು, ಗಾರ್‌ಫೀಲ್ಡ್ ಸೇರಿ, ಅಧಿಕಾರದಲ್ಲಿದ್ದಾಗಲೇ ಸತ್ತರು; ಗುರು-ಶನಿ ಯುತಿ ಸುಮಾರು 20 ವರ್ಷಕ್ಕೊಮ್ಮೆ ಆಗುವುದರಿಂದ ಜ್ಯೋತಿಷಿಗಳಿಗೆ ಹಬ್ಬ. ಆ ಏಳರಲ್ಲಿ ಮೂವರು ಸತ್ತದ್ದು ಕಾಯಿಲೆಯಿಂದ. 1900ರಲ್ಲಿ ಗೆದ್ದ ಮೆಕಿನ್ಲಿಗೆ ಗುಂಡು ಬಿದ್ದದ್ದು 1901ರ ಸೆಪ್ಟೆಂಬರಿನಲ್ಲಿ, ಬಫಲೋದ ವಸ್ತುಪ್ರದರ್ಶನದಲ್ಲಿ. ಅಲ್ಲೇ ಎಕ್ಸ್‌ರೇ ಯಂತ್ರ ಪ್ರದರ್ಶನಕ್ಕಿತ್ತು, ವೈದ್ಯರು ಬಳಸಲಿಲ್ಲ. ನಯಾಗರ ವಿದ್ಯುತ್ತಿನಿಂದ ಇಡೀ ಆವರಣ ಝಗಮಗಿಸುತ್ತಿದ್ದರೂ ಶಸ್ತ್ರಚಿಕಿತ್ಸೆಗೆ ಕನ್ನಡಿಯಿಂದ ಬಿಸಿಲು ತಿರುಗಿಸಿ ಬೆಳಕು ಮಾಡಿಕೊಂಡರು. ಎಂಟು ದಿನಕ್ಕೆ ಗುಂಡಿನ ದಾರಿಯುದ್ದಕ್ಕೂ ಗ್ಯಾಂಗ್ರೀನ್ ಹಿಡಿದು ಹೋದರು.

1980-81ರಲ್ಲೂ ಗುರು-ಶನಿ ಕೂಡಿದವು. 1980ರಲ್ಲಿ ಗೆದ್ದ ಅಧ್ಯಕ್ಷ ರೇಗನ್‌ಗೆ 1981ರ ಮಾರ್ಚ್ 30ರಂದು ಬಿದ್ದ ಗುಂಡು ಹೃದಯದಿಂದ ಸುಮಾರು ಒಂದು ಅಂಗುಲ ದೂರದಲ್ಲಿ ನಿಂತಿತ್ತು, ಮೈಯ ರಕ್ತ ಅರ್ಧದಷ್ಟು ಹರಿದುಹೋಗಿತ್ತು. ಎಕ್ಸ್‌ರೇ ನೋಡಿಕೊಂಡು, ಗ್ಲೌಸು ತೊಟ್ಟ ಕೈಯಿಂದ ಎಡ ಶ್ವಾಸಕೋಶದೊಳಗಿನ ಗುಂಡು ತೆಗೆದರು. ಹೋದ ರಕ್ತವನ್ನು ಗುಂಪು ಹೊಂದಿಸಿ ತುಂಬಿದರು. ಏಪ್ರಿಲ್ 11ಕ್ಕೆ ಡಿಸ್ಚಾರ್ಜ್. ಆಮೇಲೆ ಎರಡು ಅವಧಿ ಮುಗಿಸಿ, 2004ರವರೆಗೆ ಬದುಕಿದರು.