ಸಹಿ ಬಿದ್ದ ಮೇಲೂ ಕಾನೂನು ಯಾಕೆ ಜಾರಿಗೆ ಬರುವುದಿಲ್ಲ?

ಓದುಗರ ಪ್ರಶ್ನೆ: ಮಸೂದೆ ಸಂಸತ್ತಿನಲ್ಲಿ ಪಾಸಾಯಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೂ ಕಾನೂನು ಇನ್ನೂ ಜಾರಿಯಾಗಿಲ್ಲ ಅಂತಾರೆ. ಇನ್ನೇನು ಬಾಕಿ?

ಬಾಕಿ ಇರುವುದು ಗೆಜೆಟ್ ಅಂದರೆ ಸರ್ಕಾರದ ರಾಜ್ಯಪತ್ರದಲ್ಲಿ ಬರುವ ಅಧಿಸೂಚನೆ. ಅಂಕಿತ ಬಿದ್ದ ಕೂಡಲೇ ಮಸೂದೆ ಕಾಯ್ದೆ ಆಗುತ್ತದೆ, ನಿಜ. ಆದರೆ ಬಹಳಷ್ಟು ಕಾಯ್ದೆಗಳ ಮೊದಲ ಸೆಕ್ಷನ್‌ನಲ್ಲೇ ಒಂದು ಮಾತು ಇರುತ್ತದೆ: ಸರ್ಕಾರ ರಾಜ್ಯಪತ್ರದಲ್ಲಿ ಗೊತ್ತುಪಡಿಸುವ ದಿನದಿಂದ ಇದು ಜಾರಿಗೆ ಬರುತ್ತದೆ. ಬೇರೆ ಬೇರೆ ಸೆಕ್ಷನ್‌ಗೆ ಬೇರೆ ಬೇರೆ ದಿನ ಇಡಲೂ ಅವಕಾಶ ಇರುತ್ತದೆ.

ದಿನದ ಬಗ್ಗೆ ಕಾಯ್ದೆ ಏನೂ ಹೇಳದಿದ್ದರೆ? ಆಗ ಕಾಯ್ದೆಗಳನ್ನು ಹೇಗೆ ಓದಬೇಕು ಅನ್ನುವ ಸಾಮಾನ್ಯ ನಿಯಮಗಳಿರುವ 1897ರ ಜನರಲ್ ಕ್ಲಾಸಸ್ ಕಾಯ್ದೆಯಂತೆ, ಕೇಂದ್ರದ ಕಾಯ್ದೆ ಅಂಕಿತ ಬಿದ್ದ ದಿನವೇ ಜಾರಿ. ಇನ್ನು ಕೆಲವು ತಮ್ಮ ದಿನವನ್ನು ತಾವೇ ಹೇಳಿಕೊಳ್ಳುತ್ತವೆ. ಮಾಹಿತಿ ಹಕ್ಕು ಕಾಯ್ದೆಗೆ 2005ರ ಜೂನ್ 15ರಂದು ಅಂಕಿತ ಬಿತ್ತು. 120ನೇ ದಿನಕ್ಕೆ, ಅಂದರೆ ಅಕ್ಟೋಬರ್ 12ಕ್ಕೆ, ಅದು ಪೂರ್ತಿ ಜಾರಿಯಾಯಿತು. ಯಾರ ಮರ್ಜಿಗೂ ಕಾಯಬೇಕಾಗಲಿಲ್ಲ.

ಕಾಯುವುದೇ ತಪ್ಪು ಅಂತಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಗೆ ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25ರಂದು, ಜಾರಿಗೆ ಬಂದದ್ದು 2024ರ ಜುಲೈ 1ರಂದು. ಪೊಲೀಸರು, ವಕೀಲರು, ನ್ಯಾಯಾಧೀಶರು ಹೊಸದನ್ನು ಕಲಿಯಲು ಅಷ್ಟು ಸಮಯ ಬೇಕೇ ಬೇಕು ಅಲ್ವಾ? ಆದರೆ ಜಾರಿಯ ದಿನ ಗೊತ್ತುಪಡಿಸಿದ ಅಧಿಸೂಚನೆ ಒಂದು ತುಂಡನ್ನು ಹೊರಗೇ ಬಿಟ್ಟಿತು. ಅದು ಸೆಕ್ಷನ್ 106(2). ಅಜಾಗರೂಕತೆಯಿಂದ ವಾಹನ ಓಡಿಸಿ ಸಾವಿಗೆ ಕಾರಣನಾದವನು ಪೊಲೀಸರಿಗೆ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಜೈಲು ಅನ್ನುತ್ತದೆ ಅದು. 2024ರ ಜನವರಿಯಲ್ಲಿ ಇದರ ವಿರುದ್ಧ ಲಾರಿ ಚಾಲಕರು ಬೀದಿಗಿಳಿದಿದ್ದರು. ಸಂಸತ್ತು ಒಪ್ಪಿದ ಸೆಕ್ಷನ್ ಪುಸ್ತಕದಲ್ಲಿ ಉಳಿಯಿತು, ಜುಲೈ 1ರ ಜಾರಿಯಲ್ಲಿ ಇರಲಿಲ್ಲ.

ಇದಕ್ಕಿಂತ ಕಳವಳದ ಕತೆ ಸಂವಿಧಾನದ 44ನೇ ತಿದ್ದುಪಡಿಯದು. ತುರ್ತು ಪರಿಸ್ಥಿತಿಯ ಕಹಿ ಉಂಡ ದೇಶ 1978ರಲ್ಲಿ ಅದನ್ನು ತಂದಿತು. ವಿಚಾರಣೆಯಿಲ್ಲದ ಮುನ್ನೆಚ್ಚರಿಕೆ ಬಂಧನದಲ್ಲಿ, ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂದು ನೋಡುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಒಬ್ಬರನ್ನು ಇಡಬಹುದಾದ ಅವಧಿಯನ್ನು ಅದರ 3ನೇ ಸೆಕ್ಷನ್ ಮೂರು ತಿಂಗಳಿಂದ ಎರಡಕ್ಕೆ ಇಳಿಸುತ್ತಿತ್ತು. ತಿದ್ದುಪಡಿಯ ಉಳಿದ ಭಾಗ ಜಾರಿಯಾಯಿತು, ಇದೊಂದಕ್ಕೆ ಮಾತ್ರ ಯಾವ ಸರ್ಕಾರವೂ ದಿನ ಗೊತ್ತು ಮಾಡಲಿಲ್ಲ. ಎ. ಕೆ. ರಾಯ್ ಪ್ರಕರಣದಲ್ಲಿ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ದಿನ ನಿಗದಿ ಮಾಡಿ ಎಂದು ಸರ್ಕಾರಕ್ಕೆ ಆದೇಶಿಸಲು ಬರುವುದಿಲ್ಲ ಎಂದಿತು ಬಹುಮತದ ತೀರ್ಪು. 1995ರ ದೆಹಲಿ ಬಾಡಿಗೆ ಕಾಯ್ದೆಯೂ ಹೀಗೇ ಅಂಕಿತ ಪಡೆದು ಜಾರಿಯಾಗದೆ ಉಳಿದುಹೋಯಿತು.

ನನ್ನ ಮಟ್ಟಿಗೆ ಇದು ಸರಿಯಲ್ಲ. ತಯಾರಿಗೆ ಸಮಯ ಕೊಡಿ, ಆದರೆ ಇಷ್ಟು ದಿನದೊಳಗೆ ಅಂತ ಕಾಯ್ದೆಯಲ್ಲೇ ಗಡಿ ಹಾಕಬೇಕು.

ಯಾವುದಾದರೂ ಕಾಯ್ದೆ ನಿಮಗೆ ಅನ್ವಯಿಸುತ್ತದೆಯೇ ಅನ್ನುವ ಅನುಮಾನ ಬಂದರೆ ಮೊದಲು ಅದರ ಸೆಕ್ಷನ್ 1 ಓದಿ. ಆಮೇಲೆ ಗೆಜೆಟ್‌ನಲ್ಲಿ ಅಧಿಸೂಚನೆ ಹುಡುಕಿ. ಕೇಂದ್ರದ ಗೆಜೆಟ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ರಾಜ್ಯದ ಕಾಯ್ದೆಯಾದರೆ ಕರ್ನಾಟಕ ರಾಜ್ಯಪತ್ರ ನೋಡಿ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಹೆಸರಲ್ಲಿ 2024 ಅಂತ ಇದ್ದರೂ ಅದು ಜಾರಿಗೆ ಬಂದದ್ದು 2025ರ ಮೇ 15ರಂದು. ಹೆಸರಿನಲ್ಲಿರುವ ವರ್ಷವನ್ನು ಜಾರಿಯ ದಿನ ಅಂದುಕೊಳ್ಳಬೇಡಿ.