ರಸೀದಿಯಲ್ಲಿ ಕೃಷ್ಣಮೂರ್ತಿ ಒಡೆಯುವುದು ಯಾಕೆ?

ಮುಂಬೈಯ ಒಂದು ಕನ್ನಡ ಸಂಘ ಸದಸ್ಯತ್ವದ ರಸೀದಿಯನ್ನು ಕನ್ನಡದಲ್ಲೇ ಕೊಡಲು ಹೊರಟಿದೆ ಅಂದುಕೊಳ್ಳಿ. ಫಾರ್ಮ್‌ನಲ್ಲಿ ಹೆಸರು ಸರಿಯಾಗಿ ಟೈಪ್ ಆಗುತ್ತದೆ. ಸ್ಕ್ರೀನ್ ಮೇಲೂ ಚೆನ್ನಾಗೇ ಕಾಣುತ್ತದೆ. ಪಿಡಿಎಫ್ ತೆಗೆದು ನೋಡಿದರೆ 'ಕೃಷ್ಣಮೂರ್ತಿ' ಹೋಗಿ 'ಕೃಷ್‌ಣಮೂರ್‌ತಿ' ಬಂದು ಕೂತಿರುತ್ತದೆ. ಪುಣೆಯ ಹಿಂಜವಡಿಯಲ್ಲೋ ನವಿ ಮುಂಬೈಯಲ್ಲೋ ಸಾಫ್ಟ್‌ವೇರ್ ಕೆಲಸ ಮಾಡುವ ಕನ್ನಡಿಗರಿಗೆ ಇದು ಹೊಸದೇನಲ್ಲ. "ಕನ್ನಡ ಒಡೀತಿದೆ, ಸ್ವಲ್ಪ ನೋಡಿ" ಅಂತ ಟಿಕೆಟ್ ಬರುತ್ತದೆ. ಟೀಮ್‌ನಲ್ಲಿ ಕನ್ನಡ ಓದಲು ಬರುವವರು ನೀವೊಬ್ಬರೇ, ಹಾಗಾಗಿ ಅದು ನಿಮ್ಮ ತಲೆಗೇ.

ಸಮಸ್ಯೆ ಒಂದೇ ಥರ ಕಂಡರೂ ಒಡೆಯುವ ಜಾಗ ಹಲವು. ಡೇಟಾಬೇಸ್, ಫಾಂಟ್, ಪಿಡಿಎಫ್ ಲೈಬ್ರರಿ, ಅಂಕಿ ಬರೆಯುವ ಕಾಂಪೊನೆಂಟ್ ಎಲ್ಲವೂ ಬೇರೆಬೇರೆ ವರ್ಷಗಳಲ್ಲಿ, ಬೇರೆಬೇರೆ ಜನ ಮಾಡಿದವು. ಮಾಡಿದ ಹೆಚ್ಚಿನವರ ಮನಸ್ಸಿನಲ್ಲಿ ಒಂದೇ ಲೆಕ್ಕ ಇತ್ತು: ಒಂದು ಅಕ್ಷರ ಅಂದರೆ ಒಂದು ಸಂಕೇತ (ಕಂಪ್ಯೂಟರ್ ಅದಕ್ಕೆ ಕೊಡುವ ಸಂಖ್ಯೆ), ಒಂದು ಬೈಟ್ (ಮೆಮೊರಿಯ ಒಂದು ಸಣ್ಣ ಖಾನೆ), ಒಂದು ಚಿತ್ರ. ಇಂಗ್ಲಿಷಿಗೆ ಈ ಲೆಕ್ಕ ಸಾಕಿತ್ತು. ಕನ್ನಡಕ್ಕೆ ಈ ಮೂರರಲ್ಲಿ ಒಂದೂ ಹೊಂದುವುದಿಲ್ಲ. ಒಂದೊಂದು ಪದರ ಒಂದೊಂದು ಕಾಲದಲ್ಲಿ ರಿಪೇರಿಯಾಯಿತು. ಇವತ್ತಿನ ಬಗ್‌ಗಳಲ್ಲಿ ಬಹಳಷ್ಟು ಹುಟ್ಟುವುದು, ರಿಪೇರಿಯಾದ ಪದರ ರಿಪೇರಿಯಾಗದ ಪದರಕ್ಕೆ ಮಾತು ದಾಟಿಸುವ ಕಡೆ.

ಈ ಕಥೆಯ ದೊಡ್ಡ ಪಾಲು ನಡೆದಿದ್ದು ಪುಣೆಯಲ್ಲೇ. 1988ರಲ್ಲಿ ಇಲ್ಲಿ ಶುರುವಾದ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಅಂದರೆ ಎಲ್ಲರಿಗೂ ನೆನಪಾಗುವುದು ಪರಮ್ ಸೂಪರ್‌ಕಂಪ್ಯೂಟರ್. ಆದರೆ ಕಾನ್ಪುರದ ಐಐಟಿಯಲ್ಲಿ ಮೊಳಕೆಯೊಡೆದ 'ಜಿಸ್ಟ್' ತಂತ್ರಜ್ಞಾನ ಬೆಳೆದಿದ್ದೂ ಇದೇ ಸಂಸ್ಥೆಯಲ್ಲಿ. ಪಿಸಿಯೊಳಗೆ ಕೂರಿಸುವ ಒಂದು ಕಾರ್ಡ್ ಅದು. ಇಂಗ್ಲಿಷಿಗಾಗಿ ಬರೆದ ಡಾಸ್ ಪ್ರೋಗ್ರಾಂಗಳಲ್ಲೂ ಭಾರತದ ಲಿಪಿಗಳನ್ನು ಮೂಡಿಸುತ್ತಿತ್ತು. ಪರದೆಯ ಮೇಲೆ ಕನ್ನಡ ಓಡಾಡುತ್ತಿದೆ ಅನ್ನುವುದು ಆ ಪ್ರೋಗ್ರಾಂಗೆ ಗೊತ್ತೇ ಇರುತ್ತಿರಲಿಲ್ಲ.

ಅದರ ಹಿಂದಿದ್ದ ಸಂಕೇತಪಟ್ಟಿ 'ಇಸ್ಕಿ'. 1991ರಲ್ಲಿ ಅದು ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಭಾರತದ ಮುಖ್ಯ ಲಿಪಿಗಳಿಗೆಲ್ಲ ಅಲ್ಲಿ ಒಂದೇ ಪಟ್ಟಿ. 179 ಅಂದರೆ 'ಕ', ಅದು ಕನ್ನಡದ ಕ ಆದರೂ ಸೈ, ದೇವನಾಗರಿಯ ಕ ಆದರೂ ಸೈ. ಲಿಪಿ ಬದಲಿಸಿದರೆ ಅದೇ ಹೆಸರು ಮರಾಠಿಯವರಿಗೂ ಓದಲು ಸಿಗುತ್ತಿತ್ತು. ಎರಡೂ ಲಿಪಿ ಅಕ್ಕಪಕ್ಕ ಬದುಕುವ ಸೊಲ್ಲಾಪುರ, ಸಾಂಗ್ಲಿ ಕಡೆಯವರಿಗೆ ಇದಕ್ಕಿಂತ ಸುಲಭದ್ದು ಇನ್ನೇನು ಬೇಕು? ತೊಂದರೆ ಏನಂದರೆ, ಯಾವ ಲಿಪಿ ಅಂತ ಹೇಳುವ ಗುರುತನ್ನು ಪಠ್ಯದ ನಡುವೆ ಬೇರೆ ಇಡಬೇಕಿತ್ತು. ಆ ಗುರುತು ಕಳೆದುಹೋದರೆ ಫೈಲು ಕನ್ನಡದ್ದೋ ಮರಾಠಿಯದ್ದೋ ಹೇಳುವ ದಾರಿಯಿಲ್ಲ.

ಅದೇ 1991ರ ಅಕ್ಟೋಬರ್‌ನಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡಲು ಹೊರಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದು ಪ್ರತಿ ಲಿಪಿಗೂ 128 ಮನೆಗಳ ಬೇರೆ ಬೀದಿ ಕೊಟ್ಟಿತು, ಆದರೆ ಮನೆಗಳ ಸಾಲನ್ನು 1988ರ ಇಸ್ಕಿಯಿಂದಲೇ ತೆಗೆದುಕೊಂಡಿತು. ದೇವನಾಗರಿಯ ಕ 2325, ಕನ್ನಡದ ಕ 3221. ನಡುವಿನ ಅಂತರ 896. ದೇವನಾಗರಿಯ ಯಾವುದೇ ವ್ಯಂಜನದ ಸಂಖ್ಯೆಗೆ 896 ಕೂಡಿಸಿ ನೋಡಿ, ಕನ್ನಡದಲ್ಲಿ ಆ ವ್ಯಂಜನ ಇದ್ದರೆ ಅದೇ ಸಿಗುತ್ತದೆ. ಮರಾಠಿ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸುವ ಎಷ್ಟೋ ಸಣ್ಣ ಪ್ರೋಗ್ರಾಂಗಳಿಗೆ ಈ ಕೂಡುವಿಕೆಯೇ ಸಾಕು. ಮರಾಠಿಯವರು 'ಆಫೀಸ್' ಬರೆಯುವಾಗ ಬಳಸುವ ಮೊದಲ ಸ್ವರ ಬಂದಾಗ ಮಾತ್ರ ಎಡವುತ್ತದೆ. ಕನ್ನಡದ ಬೀದಿಯಲ್ಲಿ ಆ ಮನೆ ಖಾಲಿ.

ಸಂಕೇತವೇನೋ ಬಂತು, ಅದನ್ನು ತೋರಿಸುವವರು ಯಾರು? ಮಾಮೂಲಿ ಪಿಸಿಯಲ್ಲಿ ಇದಕ್ಕೆ ಉತ್ತರ ಸಿಗಲು ಹತ್ತು ವರ್ಷ ಹಿಡಿಯಿತು. ಪ್ರೆಸ್‌ನವರು ಅಷ್ಟು ದಿನ ಕಾಯುವ ಜನವಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀ-ಲಿಪಿ, ಕರ್ನಾಟಕದಲ್ಲಿ ನುಡಿ, ಬರಹ, ಇವೆಲ್ಲ ಬೇರೆ ದಾರಿ ಹಿಡಿದವು. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಫಾಂಟ್ ಆ ಜಾಗದಲ್ಲಿ ಕನ್ನಡದ ಚಿತ್ರ ಬರೆಯುತ್ತದೆ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಹುಡುಕೋಕೆ ಆಗಲ್ಲ, ಅಕಾರಾದಿ ಮಾಡೋಕೆ ಆಗಲ್ಲ. ಇದನ್ನು ಈಗ ಬೈಯುವುದು ಸುಲಭ. ಆದರೆ ಆ ವರ್ಷಗಳಲ್ಲಿ ಮದುವೆ ಕರೆಯೋಲೆಯಿಂದ ಹಿಡಿದು ಸಂಘಗಳ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ಅಚ್ಚಾಗಿದ್ದು ಇದರಿಂದಲೇ, ಅಲ್ವಾ? ಹಳೆ ಸಂಚಿಕೆಗಳನ್ನು ಯೂನಿಕೋಡ್‌ಗೆ ತರಲು ಹೋದಾಗ ಮಾತ್ರ ಬಿಲ್ ಬರುತ್ತದೆ. ಶ್ರೀ-ಲಿಪಿಯ ಫೈಲಿಗೆ ನುಡಿಯ ಕನ್ವರ್ಟರ್ ನಡೆಯುವುದಿಲ್ಲ.

ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದವು. ಕನ್ನಡ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟ್ ಜೊತೆ. ವಿಂಡೋಸ್‌ನ ಈ ಭಾರತೀಯ ಫಾಂಟ್‌ಗಳ ಹಿಂದೆ ಮುಂಬೈಯ ಆರ್.ಕೆ. ಜೋಶಿಯವರ ಕೈಯಿದೆ. ಐಐಟಿ ಬಾಂಬೆಯಲ್ಲಿ ವಿನ್ಯಾಸ ಕಲಿಸಿದ ಕ್ಯಾಲಿಗ್ರಾಫರ್, ಕವಿ ಅವರು. ಲಿನಕ್ಸ್ ಕಡೆ ರೆಡ್ ಹ್ಯಾಟ್‌ನ ಪುಣೆ ಕಚೇರಿಯವರು ಲೋಹಿತ್ ಫಾಂಟ್‌ಗಳನ್ನು ನೋಡಿಕೊಂಡರು. ಫೋನಿನಲ್ಲಿ ಇನ್ನೂ ತಡ. ಆಂಡ್ರಾಯ್ಡ್ ತಾನಾಗಿಯೇ ಕನ್ನಡ ತೋರಿಸಿದ್ದು 2012ರ 4.1 ಆವೃತ್ತಿಯಲ್ಲಿ.

ಫಾಂಟ್ ಇದ್ದರೆ ಸಾಲದು ಅನ್ನುವುದು 'ಮೂರ್ತಿ'ಯನ್ನು ನೋಡಿದರೆ ಗೊತ್ತಾಗುತ್ತದೆ. ಅದು ಮೆಮೊರಿಯಲ್ಲಿ ಇರುವ ಕ್ರಮ: ಮ, ದೀರ್ಘದ ಗುರುತು, ರ, ಹಲಂತದ ಗುರುತು, ತ, ಗುಡಿಸು. ತೋರಿಸುವಾಗ ರಕಾರವು ತಕಾರವನ್ನು ದಾಟಿ ಬಲಗಡೆ ಅರ್ಕಾವೊತ್ತಾಗಿ ಕೂರಬೇಕು. ಗುಡಿಸು ತಕಾರದ ಜೊತೆ ಬೆರೆತು 'ತಿ' ಆಗಬೇಕು. ಈ ಜಾಗ ಬದಲಿಸುವ, ಬೆರೆಸುವ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ಬ್ರೌಸರ್‌ಗಳಲ್ಲಿ, ಆಂಡ್ರಾಯ್ಡ್‌ನಲ್ಲಿ ಇದನ್ನು ಹಾರ್ಫ್‌ಬಜ್‌ನಂಥ ಎಂಜಿನ್ ಸದ್ದಿಲ್ಲದೆ ಮಾಡಿಬಿಡುತ್ತದೆ. ಪಿಡಿಎಫ್ ಮಾಡಿಕೊಡುವ ಎಷ್ಟೋ ಸಿದ್ಧ ಕೋಡ್‌ಗಳಲ್ಲಿ, ಅಂದರೆ ಪಿಡಿಎಫ್ ಲೈಬ್ರರಿಗಳಲ್ಲಿ, ಅಂಥ ಎಂಜಿನ್ನೇ ಇಲ್ಲ. ಅವು ಒಂದು ಸಂಕೇತ ಓದಿ, ಫಾಂಟ್‌ನಿಂದ ಒಂದು ಚಿತ್ರ ತೆಗೆದು ಸಾಲಾಗಿ ಇಡುತ್ತವೆ. ರಸೀದಿಯಲ್ಲಿ ಹೆಸರು ಒಡೆದಿದ್ದು ಇಲ್ಲಿ. ಫಾಂಟ್ ಬದಲಿಸಿ ಬದಲಿಸಿ ನೋಡುವುದು ಸುಮ್ನೆ ಟೈಮ್ ವೇಸ್ಟ್. ಐಟೆಕ್ಸ್ಟ್ ಎಂಬ ಪಿಡಿಎಫ್ ಲೈಬ್ರರಿಯವರು ಇದಕ್ಕೆಂದೇ ಪಿಡಿಎಫ್‌ಕ್ಯಾಲಿಗ್ರಾಫ್ ಅಂತ ದುಡ್ಡು ಕೊಟ್ಟು ಕೊಳ್ಳುವ ಬೇರೆ ಭಾಗವನ್ನೇ ಮಾಡಿದರು. ಸಣ್ಣ ಸಂಘಕ್ಕೆ ನಾನು ಹೇಳುವುದು ಇಷ್ಟೇ: ರಸೀದಿಯನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಿ, ಸರ್ವರ್‌ನಲ್ಲಿ ಪರದೆಯಿಲ್ಲದೆ ಓಡುವ ಕ್ರೋಮ್‌ನಿಂದ ಪಿಡಿಎಫ್ ತೆಗೆಸಿ. ಮೆಮೊರಿ ಜಾಸ್ತಿ ತಿನ್ನುತ್ತದೆ, ಆದರೆ ಒತ್ತಕ್ಷರ ಸರಿ ಬರುತ್ತದೆ.

ಹೆಸರು ಇನ್ನೊಂದು ಕಡೆಯೂ ಒಡೆಯುತ್ತದೆ. 'ಕೃಷ್ಣಮೂರ್ತಿ'ಯಲ್ಲಿ ನಾವು ಓದುವುದು ನಾಲ್ಕು ಅಕ್ಷರ. ಯೂನಿಕೋಡ್ ಎಣಿಸಿದರೆ ಹನ್ನೊಂದು ಸಂಕೇತ. ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅಲ್ಲಿಗೆ 33 ಬೈಟ್. ಒರಾಕಲ್ ಡೇಟಾಬೇಸ್‌ನಲ್ಲಿ ಏನೂ ಹೇಳದೆ 30ರ ಕಾಲಂ ಮಾಡಿದರೆ ಅದು 30 ಬೈಟ್ ಅಂತಲೇ ಅರ್ಥ. ಹೆಸರು ಉದ್ದವಾಯಿತು ಅಂತ ಡೇಟಾಬೇಸ್ ಗಲಾಟೆ ಮಾಡುತ್ತದೆ. ಯಾರೋ ಒಬ್ಬರು ಅದಕ್ಕೆ ಮದ್ದು ಅಂತ 30 ಬೈಟ್‌ಗೆ ಕತ್ತರಿಸಿ ಕಳಿಸುತ್ತಾರೆ. ಆಗ ಕೊನೆಯ ಗುಡಿಸು ಬಿದ್ದುಹೋಗಿ 'ಕೃಷ್ಣಮೂರ್ತ' ಉಳಿಯುತ್ತಾರೆ. ಇದು ಕೆಟ್ಟ ಬಗ್. ಡಬ್ಬಿ ಡಬ್ಬಿಯಾಗಿ ಕಂಡರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಇದು ಕನ್ನಡ ಓದುವವರಿಗೆ ಮಾತ್ರ ಕಾಣುತ್ತದೆ. ಟೆಸ್ಟ್ ಮಾಡುವವರಿಗೆ ಓದಲು ಬರದಿದ್ದರೆ ಪಾಸ್.

ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಕಥೆ ಬೇರೆ. 2018ರ 8.0 ಆವೃತ್ತಿಯವರೆಗೂ ಅದರ ಮಾಮೂಲಿ ಸಂಕೇತಪಟ್ಟಿ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-1. ಅಕಾರಾದಿ ಸ್ವೀಡಿಷ್ ಭಾಷೆಯದು, ಕಂಪನಿ ಹುಟ್ಟಿದ್ದು ಸ್ವೀಡನ್‌ನಲ್ಲಿ ನೋಡಿ. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹಾಗೆ ಸೇವ್ ಆದ ಡೇಟಾ ವಾಪಸ್ ಬರುವುದಿಲ್ಲ, ಜನರನ್ನೇ ಮತ್ತೆ ಕೇಳಬೇಕು. ಎಸ್ಸೆಮ್ಮೆಸ್‌ನ ಲೆಕ್ಕವೂ ಇಂಥದ್ದೇ. ಇಂಗ್ಲಿಷಿಗೆ 160 ಅಕ್ಷರ ಹಿಡಿಯುವ ಒಂದು ಮೆಸೇಜ್ ಕನ್ನಡಕ್ಕೆ 70 ಸಂಕೇತ ಮಾತ್ರ ಹಿಡಿಯುತ್ತದೆ.

ಅಂಕಿಗಳಿಗೆ ಬಂದರೆ, ಪುಣೆಯ ಕೋಡ್‌ನಲ್ಲಿ ತಮಾಷೆ ಜಾಸ್ತಿ. ಯೂನಿಕೋಡ್ ಸಂಸ್ಥೆ ನೋಡಿಕೊಳ್ಳುವ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಪ್ರತಿ ಭಾಷೆಯ ದಿನಾಂಕ, ಅಂಕಿ, ದುಡ್ಡು ಬರೆಯುವ ರೀತಿ ಇದೆ. ಅದರ ಪ್ರಕಾರ ಮರಾಠಿಗೆ ಮಾಮೂಲಿ ಅಂಕಿ ದೇವನಾಗರಿಯದು, ಕನ್ನಡಕ್ಕೆ ಮಾಮೂಲಿ 1, 2, 3. ಒಂದೇ ಪ್ರೋಗ್ರಾಂನಲ್ಲಿ ಭಾಷೆಯನ್ನು ಕನ್ನಡದಿಂದ ಮರಾಠಿಗೆ ಬದಲಿಸಿದರೆ ಅಂಕಿಯೂ ಬದಲಾಗುತ್ತದೆ. ತೋರಿಸಲು ಚೆಂದ, ಸರಿ. ಆದರೆ ತೋರಿಸಿದ ಆ ಅಂಕಿಯನ್ನೇ ಹಿಂದಿನ ಸರ್ವರ್‌ಗೆ ಕಳಿಸಿದರೆ ಪ್ರೋಗ್ರಾಂ ಬರೆಯುವ ಒಂದೊಂದು ಭಾಷೆಯದು ಒಂದೊಂದು ಉತ್ತರ. ಪೈಥಾನ್ '१२' ಅನ್ನು ಹನ್ನೆರಡು ಅಂತ ಓದುತ್ತದೆ. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಡಾಟ್‌ನೆಟ್‌ನಲ್ಲಿ ಅಂಕಿಯೇ ಅಂತ ಪರೀಕ್ಷಿಸುವ ಪ್ಯಾಟರ್ನ್ ಇದನ್ನು ಒಪ್ಪಿಕೊಳ್ಳುತ್ತದೆ, ಮುಂದಿನ ಸಾಲಿನಲ್ಲಿ ಸಂಖ್ಯೆ ಮಾಡಲು ಹೋದರೆ ಎರರ್. ಜಾವಾದಲ್ಲಿ ಅದರ ತಿರುಗಾಮುರುಗಾ: ಪ್ಯಾಟರ್ನ್ ಒಪ್ಪುವುದಿಲ್ಲ, ಸಂಖ್ಯೆ ಮಾಡುವುದು ಒಪ್ಪುತ್ತದೆ. ಒಳಗೆ ಸಾದಾ ಸಂಖ್ಯೆ ಇಟ್ಟುಕೊಂಡು, ಕಣ್ಣಿಗೆ ಬೀಳುವ ಕೊನೆಯ ಜಾಗದಲ್ಲಿ ಮಾತ್ರ ವೇಷ ಹಾಕಬೇಕು ಅಂತ ಅನುಭವಸ್ಥರು ಹೇಳುವುದು ಇದಕ್ಕೇ.

ಲಕ್ಷದ ಅಲ್ಪವಿರಾಮವೂ ಹಾಗೇ. ಅಂಕಿಗಳನ್ನು ಬರೆದುಕೊಡಲು ಜಾವಾದ ಜೊತೆಗೇ ಬರುವ ಡೆಸಿಮಲ್‌ಫಾರ್ಮ್ಯಾಟ್‌ಗೆ ನೀವು ಮೂರು, ಆಮೇಲೆ ಎರಡೆರಡು ಅಂತ ಎಷ್ಟೇ ಒಪ್ಪವಾಗಿ ಪ್ಯಾಟರ್ನ್ ಬರೆದುಕೊಟ್ಟರೂ ಅದು ಕೊನೆಯ ಗುಂಪನ್ನಷ್ಟೇ ನೋಡುತ್ತದೆ. 1,25,000 ಬದಲು 125,000 ಬರುತ್ತದೆ. ಯೂನಿಕೋಡ್ ಸಂಸ್ಥೆಯದೇ ಆದ ಐಸಿಯು ಲೈಬ್ರರಿ ಎರಡೂ ಗುಂಪು ನೋಡುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವುದು ವಿಭಕ್ತಿ. ಬಸ್ ಟಿಕೆಟ್‌ನ ಒಂದು ಸಾಲು ತಗೊಳ್ಳಿ. ಊರಿನ ಹೆಸರಿಗೆ ಒಂದು ಖಾಲಿ ಜಾಗ, ಅದರ ಮುಂದೆ 'ಇಂದ' ಅಂತ ಬರೆದಿಟ್ಟರೆ 'ಪುಣೆ ಇಂದ', 'ಸೊಲ್ಲಾಪುರ ಇಂದ' ಅಂತ ಬರುತ್ತದೆ. ಅರ್ಥವಾಗುತ್ತದೆ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ಪುಣೆಯಿಂದ, ಸೊಲ್ಲಾಪುರದಿಂದ, ಮಡಗಾಂವ್‌ನಿಂದ ಅಂತ ಮೂರು ಊರಿಗೆ ಮೂರು ದಾರಿ. ಇಂಗ್ಲಿಷ್ ಟೆಂಪ್ಲೇಟ್ ಮಾಡಿದವರಿಗೆ ಈ ಪ್ರಶ್ನೆಯೇ ಏಳಲಿಲ್ಲ. ಏಕವಚನ ಬಹುವಚನಕ್ಕೆ ಅವರು ವ್ಯವಸ್ಥೆ ಮಾಡಿದರು. ಸಿಎಲ್‌ಡಿಆರ್‌ನ ಕನ್ನಡದ ನಿಯಮದಲ್ಲಿ ಸೊನ್ನೆಯೂ ಒಂದರ ಗುಂಪಿಗೇ ಸೇರುತ್ತದೆ, ಅಷ್ಟು ಸೂಕ್ಷ್ಮ ನೋಡಿದ್ದಾರೆ. ವಿಭಕ್ತಿಗೆ ಮಾತ್ರ ಅಂಥದ್ದು ಏನೂ ಇರಲಿಲ್ಲ. ಅದಕ್ಕೇ ಜಾಣ ಅನುವಾದಕರು 'ಹೊರಡುವ ಊರು: ಪುಣೆ' ಅಂತ ಬರೆದು ಪಾರಾಗುತ್ತಾರೆ.

ಇಂಥ ಟೆಂಪ್ಲೇಟ್ ಬರೆಯಲು 2025ರಲ್ಲಿ ಯೂನಿಕೋಡ್ ಪಕ್ಕಾ ಮಾಡಿದ ಮೆಸೇಜ್‌ಫಾರ್ಮ್ಯಾಟ್ 2 ಎಂಬ ಕ್ರಮದಲ್ಲಿ ಟೆಂಪ್ಲೇಟ್‌ನೊಳಗೆ ನಮ್ಮದೇ ಫಂಕ್ಷನ್ ಸೇರಿಸಬಹುದು. ಅಂದರೆ ಊರಿನ ಹೆಸರು, ಬೇಕಾದ ವಿಭಕ್ತಿ ಎರಡನ್ನೂ ಕೊಟ್ಟರೆ ಸರಿಯಾದ ರೂಪ ಕೊಡುವ ಫಂಕ್ಷನ್. ಬರೆಯುವುದು ಕಷ್ಟವೇನಲ್ಲ. ಕೊನೆಯ ಸ್ವರ ಎ ಅಥವಾ ಇ ಆದರೆ ಯಕಾರ, ಅ ಆದರೆ ದಕಾರ, ವ್ಯಂಜನದಲ್ಲಿ ಮುಗಿದರೆ ನಕಾರ, ಮುಂಬೈಗೆ ಯಕಾರ. ಇಷ್ಟರಲ್ಲೇ ಮಹಾರಾಷ್ಟ್ರ, ಗೋವಾದ ಬಹಳಷ್ಟು ಊರು ಮುಗಿಯುತ್ತವೆ. ಮನುಷ್ಯರ ಹೆಸರು ಬಂದರೆ ಅದೇ ಅಕಾರಕ್ಕೆ ದಕಾರ ನಡೆಯುವುದಿಲ್ಲ, 'ರಾಮನಿಂದ' ಆಗಬೇಕು. ಹಾಗಾಗಿ ಬಂದಿದ್ದು ಊರೋ ಆಳೋ ಅಂತಲೂ ಫಂಕ್ಷನ್‌ಗೆ ಹೇಳಿ ಕಳಿಸಬೇಕು.